ಪದಬಂಧದೊಳಗಿನ ಬೇಸ್‌ಬಾಲ್

ಬೇಸ್‌ಬಾಲ್ ಪಂದ್ಯವೊಂದನ್ನು ಕ್ರೀಡಾಂಗಣದಲ್ಲಿ ಕುಳಿತು ನೋಡುವುದಕ್ಕೆ ಬಹಳ ಮೊದಲೇ ನನಗೆ ಮೆಲ್ ಆಟ್ ಎಂಬ ಆಟಗಾರನ ಪರಿಚಯವಾಗಿತ್ತು. ಅಮೆರಿಕದ ಇಂಗ್ಲಿಷ್ ಪದಬಂಧಗಳ ಚಟ ಹತ್ತಿದವರಿಗೆ ಈ ಪರಿಚಯ ತಪ್ಪಿದ್ದಲ್ಲ. ಜೈಂಟ್ಸ್ ತಂಡದ ಮೆಲ್ ಯಾರು ಎಂದು ಸುಳಿವು ಕೇಳುತ್ತದೆ, ಮೂರೇ ಚೌಕಗಳಿರುತ್ತವೆ, ಓ-ಟಿ-ಟಿ ಎಂದು ತುಂಬಿ ಮುಂದಿನದಕ್ಕೆ ಹೋಗುತ್ತೇವೆ. ಆತ 1926ರಲ್ಲಿ, ಹದಿನೇಳರ ಹರೆಯದಲ್ಲಿ, ನ್ಯೂಯಾರ್ಕ್ ಜೈಂಟ್ಸ್ ಪರವಾಗಿ ಮೊದಲ ಪಂದ್ಯವಾಡಿ, 1947ರವರೆಗೂ ಅದೊಂದೇ ತಂಡದಲ್ಲಿದ್ದು 511 ಹೋಮ್‌ರನ್ (ಕ್ರಿಕೆಟ್‌ನ ಸಿಕ್ಸರಿನಂತೆ ಚೆಂಡು ಅಂಗಳದಾಚೆ ಹೋಗುವ ಹೊಡೆತ) ಹೊಡೆದವನೆಂಬುದನ್ನೂ, ಎಡಗೈ ಬ್ಯಾಟರ್ ಆದ ಅವನು ಚೆಂಡು ಬರುತ್ತಿದ್ದಂತೆ ಬಲಗಾಲನ್ನು ಎತ್ತಿ ಹಿಡಿಯುತ್ತಿದ್ದನೆಂಬುದನ್ನೂ, ಅವನ ತವರು ಮೈದಾನವಾದ ಪೋಲೋ ಗ್ರೌಂಡ್ಸ್‌ನಲ್ಲಿ ಬಲಬದಿಯ ಗೋಡೆ 260 ಅಡಿಗಿಂತಲೂ ಹತ್ತಿರದಲ್ಲಿದ್ದು ಅವನಿಗೆ ಅನುಕೂಲವಾಗಿತ್ತೆಂಬುದನ್ನೂ ನಾನು ತಿಳಿದುಕೊಂಡದ್ದು ಆಮೇಲೆ. ಅಷ್ಟು ದೊಡ್ಡ ಆಟಗಾರನನ್ನು ಪದಬಂಧ ರಚಿಸುವವರು ನೆನೆಯುವುದು ಮಾತ್ರ ಅವನ ಹೆಸರು ಮೂರಕ್ಷರದ್ದೆಂಬ ಒಂದೇ ಕಾರಣಕ್ಕೆ.

ಇದಕ್ಕೆ ಹಿನ್ನೆಲೆಯಾಗಿರುವುದು ಆ ಪದಬಂಧಗಳ ಕಟ್ಟುನಿಟ್ಟಿನ ನಿಯಮ. ವಾರದ ದಿನಗಳಲ್ಲಿ ಸಾಮಾನ್ಯವಾಗಿ ಅಡ್ಡ 15, ಉದ್ದ 15 ಚೌಕ; ಭಾನುವಾರದಂದು 21. ಎರಡಕ್ಷರದ ಪದಕ್ಕೆ ಅವಕಾಶವಿಲ್ಲ. ಪ್ರತಿಯೊಂದು ಅಕ್ಷರವೂ ಎಡದಿಂದ ಬಲಕ್ಕೂ ಮೇಲಿನಿಂದ ಕೆಳಕ್ಕೂ ಓದುವ ಎರಡು ಪದಗಳ ಪಾಲಾಗಿರಬೇಕು. ಹೀಗೆ ಒತ್ತೊತ್ತಾಗಿ ಹೆಣೆಯಬೇಕಾದಾಗ ರಚನಕಾರರಿಗೆ ಬೇಕಾಗುವುದು ಸ್ವರಗಳು ತುಂಬಿದ ಪುಟ್ಟ ಪದಗಳು, ಮತ್ತು ಅವನ್ನು ಬೇಸ್‌ಬಾಲ್‌ನಷ್ಟು ಧಾರಾಳವಾಗಿ ಒದಗಿಸುವ ಇನ್ನೊಂದು ಆಟವಿಲ್ಲ. ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವನು, ಒಂಬತ್ತು ಇನಿಂಗ್‌ಗೆ ಸರಾಸರಿ ಎಷ್ಟು ರನ್ ಬಿಟ್ಟುಕೊಟ್ಟನೆಂಬುದನ್ನು, ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ನುಗಳನ್ನು ಕಳೆದು, ಹೇಳುವ ಅಂಕಿಯ ಸಂಕ್ಷೇಪ ಇ-ಆರ್-ಎ. ಆ ಮೂರಕ್ಷರಕ್ಕೆ ಯುಗವೆಂಬ ಅರ್ಥವೂ ಇರುವುದರಿಂದ ಅದು ಬಾರದ ವಾರವೇ ಅಪರೂಪ. ಡೊಮಿನಿಕನ್ ರಿಪಬ್ಲಿಕ್‌ನಿಂದ ಬಂದ ಆಲೂ ಸಹೋದರರು, ಅಂದರೆ ಫೆಲಿಪೆ, ಮ್ಯಾಟಿ ಮತ್ತು ಹೆಸೂಸ್, 1963ರ ಸೆಪ್ಟೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಜೈಂಟ್ಸ್ ಪರವಾಗಿ ಒಂದೇ ಪಂದ್ಯದಲ್ಲಿ ಔಟ್‌ಫೀಲ್ಡಿನ ಮೂರೂ ಜಾಗಗಳಲ್ಲಿ ನಿಂತಿದ್ದರು. ಪದಬಂಧಕ್ಕಾದರೋ ಅವರು ನಾಲ್ಕಕ್ಷರದಲ್ಲಿ ಮೂರು ಸ್ವರಗಳಿರುವ ಮನೆತನ ಮಾತ್ರ. 1988ರಲ್ಲಿ ಸತತ 59 ಇನಿಂಗ್‌ಗಳಲ್ಲಿ ಒಂದೂ ರನ್ ಕೊಡದಿದ್ದ ಡಾಡ್ಜರ್ಸ್ ತಂಡದ ಓರೆಲ್ ಹರ್ಶೈಸರ್ ಬಂದಮೇಲೆ, ಅಲ್ಲಿಯವರೆಗೆ ಓರೆಲ್ ಎಂಬ ರಷ್ಯಾದ ಊರನ್ನೇ ನೆಚ್ಚಿಕೊಂಡಿದ್ದ ರಚನಕಾರರಿಗೆ ಹೊಸ ಸುಳಿವೊಂದು ಸಿಕ್ಕಿತು. ಅತ್ತ, ಬಾಸ್ಟನ್ ರೆಡ್ ಸಾಕ್ಸ್ ತಂಡದಲ್ಲಿ 23 ಋತು ಆಡಿದ ಕಾರ್ಲ್ ಯಸ್ಟ್ರೆಮ್‌ಸ್ಕಿಯ ಹನ್ನೊಂದಕ್ಷರದ ಹೆಸರಿನಲ್ಲಿ ವ್ಯಂಜನಗಳ ದಟ್ಟಣೆ ಎಷ್ಟೆಂದರೆ, ಪದಬಂಧದೊಳಗೆ ಅವನಿಗೆ ಪ್ರವೇಶ ಸಿಗುವುದು ಬಹುಮಟ್ಟಿಗೆ ಯಾಜ್ ಎಂಬ ಅಡ್ಡಹೆಸರಿನಿಂದಲೇ. ಬೇಸ್‌ಬಾಲ್ ದಿಗ್ಗಜರ ಗೌರವಶಾಲೆಯಾದ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಆಟಗಾರರ ಯೋಗ್ಯತೆಯನ್ನು ಅಳೆಯುವ ರೀತಿ ಒಂದು, ಪದಬಂಧದ್ದು ಬೇರೆಯೇ ಒಂದು. ಆಟದ ಗಂಧವಿಲ್ಲದೆ ಪದಬಂಧದ ಮೂಲಕ ಆಟವನ್ನು ಕಲಿತ ನನ್ನಂಥವರ ತಲೆಯಲ್ಲಿ ಈ ಎರಡನೆಯ ಶ್ರೇಣಿಯೇ ಗಟ್ಟಿಯಾಗಿ ಕುಳಿತಿದೆ.

ಕಳೆದ ಭಾನುವಾರ ಬಿಡಿಸಿದ ಪದಬಂಧವು ಇಡಿಯಾಗಿ ಬೇಸ್‌ಬಾಲ್ ಕುರಿತದ್ದು. ಅದು ಇಂಥ ಚಿಲ್ಲರೆ ಹೆಸರುಗಳನ್ನು ನೆಚ್ಚಿಕೊಳ್ಳದೆ ಆಟದ ಅಂಗಳವನ್ನೇ ಚೌಕಗಳೊಳಗೆ ಹಾಸಿತ್ತು ಎಂಬುದರಿಂದಲೇ ಅದರ ಬಗ್ಗೆ ಬರೆಯಬೇಕೆನ್ನಿಸಿತು. ಗುಟ್ಟು ಬಿಟ್ಟುಕೊಟ್ಟದ್ದು ಬಲ ಅಂಚಿಗೆ ತಾಗಿಕೊಂಡಿದ್ದ ಐದು ಚೌಕಗಳ ಒಂದು ಪದ. ಮಾಹಿತಿಯನ್ನು ಜೋಡಿಸಿಡುವ ಗಣಕ ವ್ಯವಸ್ಥೆ ಎಂದು ಸುಳಿವು ಹೇಳುತ್ತಿತ್ತು. ಡೇಟಾಬೇಸ್ ಅಲ್ಲದೆ ಬೇರೇನೂ ಆಗುವಂತಿರಲಿಲ್ಲ. ಆದರೆ ಅದಕ್ಕೆ ಇಂಗ್ಲಿಷಿನಲ್ಲಿ ಎಂಟಕ್ಷರ ಬೇಕು. ಕೊನೆಯ ಚೌಕದಿಂದ ಕೆಳಕ್ಕಿಳಿಯುವ ಪದದ ಸುಳಿವು ನೆಲದಡಿಯ ಅಂತಸ್ತು. ಅದು ಬೇಸ್‌ಮೆಂಟ್, ಎಂಟಕ್ಷರ, ಐದೇ ಚೌಕ. ಎರಡಕ್ಕೂ ಸಾಮಾನ್ಯವಾದ ಆ ಮೂಲೆಯ ಚೌಕದಲ್ಲಿ ಬಿ, ಎ, ಎಸ್, ಇ ಎಂಬ ನಾಲ್ಕೂ ಅಕ್ಷರಗಳನ್ನು ಒಟ್ಟಿಗೆ ತುರುಕಿದೊಡನೆ ಎರಡು ಪದಗಳೂ ಸರಿಹೊಂದಿದವು. ಅದು ಮೊದಲ ಬೇಸ್, ಅಂದರೆ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನಿಂದ ಹೊರಟ ಓಟಗಾರ ಮುಟ್ಟಿ ಮರಳಬೇಕಾದ ಮೂರು ಠಾಣೆಗಳಲ್ಲಿ ಮೊದಲನೆಯದು. ಹೀಗೆ ಒಂದೇ ಚೌಕದಲ್ಲಿ ಹಲವು ಅಕ್ಷರ ಸೇರಿಸುವುದನ್ನು ಇಲ್ಲಿನವರು ರೀಬಸ್ ಎನ್ನುತ್ತಾರೆ. ಮೊದಲ ಸಲ ಕಂಡಾಗ ಇದು ಅಧರ್ಮವೆಂದು ಕೆಲವರು ರೇಗುವುದುಂಟು. ಕನ್ನಡದ ಪದಬಂಧ ಬಿಡಿಸಿ ಬೆಳೆದವರಿಗೆ ರೇಗಲು ಕಾರಣವಿಲ್ಲ, ಏಕೆಂದರೆ ನಮ್ಮ ಒಂದು ಚೌಕ 'ಸ್ತ್ರೀ' ಎಂಬಂಥ ಅಕ್ಷರವನ್ನು, ಅದರ ಒತ್ತು ದೀರ್ಘಗಳ ಸಮೇತ, ಗೊಣಗದೆ ಹೊರುತ್ತದೆ. ಆ ಹೊರೆಯಿಂದಾಗಿ ಅಡ್ಡ ಮತ್ತು ಉದ್ದದ ಪದಗಳು ಒಂದನ್ನೊಂದು ಸಂಧಿಸುವುದು ಕಷ್ಟವಾಗಿ, ನಮ್ಮಲ್ಲಿ ಕಪ್ಪು ಚೌಕಗಳು ಹೆಚ್ಚೆಂಬುದೂ ನಿಜ.

ಮೊದಲ ಬೇಸ್ ಸಿಕ್ಕಮೇಲೆ ಮೂರನೆಯದಕ್ಕಾಗಿ ಹುಡುಕಬೇಕಾಗಲಿಲ್ಲ. ಅಮೆರಿಕದ ಪದಬಂಧವನ್ನು ತಲೆಕೆಳಗು ಮಾಡಿ ಹಿಡಿದರೂ ಕಪ್ಪು ಚೌಕಗಳ ವಿನ್ಯಾಸ ಬದಲಾಗಬಾರದೆಂಬ ಸಂಪ್ರದಾಯವಿದೆ. ಬೇಸ್‌ಬಾಲ್ ಅಂಗಳವನ್ನೂ ಹಾಗೆಯೇ ತಿರುಗಿಸಿ ನೋಡಿ: ಮೊದಲ ಬೇಸ್ ಇದ್ದಲ್ಲಿ ಮೂರನೆಯದು, ಎರಡನೆಯದಿದ್ದಲ್ಲಿ ಹೋಮ್ ಪ್ಲೇಟ್ ಬಂದು ನಿಲ್ಲುತ್ತದೆ. ಎಡ ಅಂಚಿನಲ್ಲಿ ಬೇಸ್‌ಲೈನ್ ಕಾದಿತ್ತು. ಮೇಲಿನ ಸಾಲಿನ ನಡುವೆ ಬಾಸೆಂಜಿ ಎಂಬ, ಬೊಗಳುವುದಿಲ್ಲವೆಂದು ಹೆಸರಾದ ಆಫ್ರಿಕಾದ ನಾಯಿಯ ಹೆಸರಿನಲ್ಲಿ ಎರಡನೆಯ ಬೇಸ್ ಅಡಗಿತ್ತು. ಆಟದ ಒಳ ಅಂಗಳಕ್ಕೆ ಡೈಮಂಡ್ ಎಂದೇ ಹೆಸರು. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ, ಇಂದಿನ ಪದಬಂಧಗಳಿಗೆಲ್ಲ ಮೂಲವೆನಿಸಿದ ರಚನೆಯೂ ಅದೇ ಆಕಾರದಲ್ಲಿತ್ತು. ರಚನಕಾರರಿಗೆ ಅದು ನೆನಪಿತ್ತೋ ಇಲ್ಲವೋ, ಆಕಾರವಂತೂ ಚೆನ್ನಾಗಿ ಒಗ್ಗಿತ್ತು.

ಹೋಮ್ ಪ್ಲೇಟ್ ಸಿಕ್ಕ ಬಗೆ ನನಗೆ ಅತ್ಯಂತ ಹಿಡಿಸಿತು. ಕೆಳಗಿನ ಸಾಲಿನಲ್ಲಿ 1979ರ ಕ್ರಾಂತಿಯ ಇರಾನಿ ನಾಯಕನ ಹೆಸರನ್ನು ಕೇಳಲಾಗಿತ್ತು, ಚೌಕಗಳು ಐದು. ಖೊಮೇನಿಯ ಇಂಗ್ಲಿಷ್ ಕಾಗುಣಿತವನ್ನು ಬಿಡಿಸಿ ಬರೆದರೆ ಕೆ ಆದಮೇಲೆ ಎಚ್, ಓ, ಎಂ, ಇ ಒಂದರ ಬೆನ್ನಿಗೊಂದು ನಿಂತಿವೆ. ಟೆಹರಾನಿನ ಆಯತೊಲ್ಲಾನ ಹೆಸರಿನೊಳಗಿಂದ ಹೋಮ್ ಪ್ಲೇಟನ್ನು ಹೆಕ್ಕಿ ತೆಗೆಯುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ಈ ನಾಲ್ಕನ್ನೂ ಹೊಂದಿಸುವ ಉತ್ತರ ನಡುಸಾಲಿನ ಗ್ರ್ಯಾಂಡ್ ಸ್ಲ್ಯಾಮ್: ಮೂರೂ ಬೇಸ್‌ಗಳಲ್ಲಿ ಓಟಗಾರರಿರುವಾಗ ಬ್ಯಾಟರ್ ಹೋಮ್‌ರನ್ ಹೊಡೆದು ನಾಲ್ವರೂ ಮರಳುವುದು. ಅದರ ಒಂಬತ್ತು ಅಕ್ಷರಗಳ ಪೈಕಿ ನಟ್ಟನಡುವಿನ ಡಿ, ಪದಬಂಧದ ಕೇಂದ್ರದಲ್ಲಿ, ಪಿಚರ್ ನಿಲ್ಲುವ ದಿಬ್ಬವೆಂದು ತೋರುವ ಜಾಗದಲ್ಲಿ ಬಂದಿತ್ತು. ತಕರಾರು ತೆಗೆಯಲೇಬೇಕೆಂದರೆ, ನಿಜವಾದ ಅಂಗಳದಲ್ಲಿ ದಿಬ್ಬ ನಡುವಿನಲ್ಲಿಲ್ಲ. ಬೇಸ್‌ನಿಂದ ಬೇಸ್‌ಗೆ 90 ಅಡಿಯಾದ್ದರಿಂದ ಹೋಮ್‌ನಿಂದ ನಡುಬಿಂದುವಿಗೆ ಸುಮಾರು 63 ಅಡಿ 8 ಅಂಗುಲವಾಗುತ್ತದೆ. ಪಿಚರ್‌ನ ಪಟ್ಟಿ ಇರುವುದು 60 ಅಡಿ 6 ಅಂಗುಲದಲ್ಲಿ.

ಕ್ರಿಕೆಟ್ ಬಲ್ಲವರಿಗೆ ಇಂಥ ಪದಬಂಧ ಸುಲಭವಾಗಬೇಕಲ್ಲವೇ ಎಂದು ಊರಿನವರು ಕೇಳುತ್ತಾರೆ. ರನ್, ಔಟ್, ಅಂಪೈರ್‌ನಂಥ ಪದಗಳು ಹೊಂದುತ್ತವೆ, ಅಷ್ಟೇ. ನಮ್ಮಲ್ಲಿ ಸ್ಟ್ರೈಕ್‌ನಲ್ಲಿರುವವನು ಆಡುವವನು. ಅಲ್ಲಿ ಸ್ಟ್ರೈಕ್ ಎಂದರೆ ಬ್ಯಾಟರ್‌ನ ವಿರುದ್ಧದ ಲೆಕ್ಕ, ಮೂರಾದರೆ ಅವನು ಔಟ್.

ಇಷ್ಟೆಲ್ಲ ಮೆಚ್ಚಿದ ಮೇಲೆಯೂ ಮೇಲಿನ ಎಡ ಮೂಲೆಯ ಬಗ್ಗೆ ನನ್ನ ಅಸಮಾಧಾನ ಉಳಿದಿದೆ. ಅಲ್ಲಿ ಇಬ್ಬರು ಆಟಗಾರರ ಹೆಸರುಗಳು ಒಂದನ್ನೊಂದು ಹಾಯುತ್ತಿದ್ದವು: ಅಡ್ಡಕ್ಕೆ ಸ್ಲಾಟರ್ ಎಂಬವನ ಮೊದಲ ಹೆಸರು, ಕೆಳಕ್ಕೆ ರಾಬ್ ಎಂಬ ಪಿಚರ್‌ನ ಮೂರಕ್ಷರದ ಕುಲನಾಮ. ಅಪರಿಚಿತ ಹೆಸರುಗಳೆರಡು ಹೀಗೆ ಸಂಧಿಸುವ ಚೌಕವನ್ನು ಪದಬಂಧಪ್ರಿಯರು ನ್ಯಾಟಿಕ್ ಎಂದು ಕರೆಯುತ್ತಾರೆ; ಬಾಸ್ಟನ್ ಮ್ಯಾರಥಾನ್ ದಾರಿಯಲ್ಲಿರುವ ಆ ಹೆಸರಿನ ಊರು ಹಿಂದೊಮ್ಮೆ ಪದಬಂಧದಲ್ಲಿ ಬಂದು ಅನೇಕರನ್ನು ಕಂಗೆಡಿಸಿತ್ತು. ಅಂಥ ಚೌಕವನ್ನು ತರ್ಕದಿಂದ ತುಂಬಲಾಗದು. ಗೊತ್ತಿದ್ದವರಿಗೆ ಗೊತ್ತು, ಇಲ್ಲದವರಿಗೆ ಇಲ್ಲ. ಬಾಲ್ಯದಿಂದ ರೇಡಿಯೋದಲ್ಲಿ ಪಂದ್ಯಗಳನ್ನು ಕೇಳಿಸಿಕೊಂಡವರಿಗೂ ನಮಗೂ ನಡುವಿನ ಅಂತರ ಅಲ್ಲಿ ಎದ್ದು ಕಾಣುತ್ತದೆ. ಈನಸ್ ಎಂಬುದು ಬೈಬಲಿನ ಹೆಸರೆಂದು ತಿಳಿದಿದ್ದರಿಂದ ನಾನು ಎನ್ ಬರೆದೆ, ರಾಬ್ ನೆನ್ ತಾನಾಗಿ ಮೂಡಿದ. ಕೊನೆಯಲ್ಲಿ ಬಂದು ತಂಡದ ಮುನ್ನಡೆಯನ್ನು ಕಾಯ್ದು 314 ಪಂದ್ಯಗಳನ್ನು ಉಳಿಸಿಕೊಟ್ಟ ಪಿಚರ್ ಆತ. ಅವನ ಹೆಸರಿಗೆ ಬೇರೆ ಸುಳಿವು ಸಿಗುವುದು ಕಷ್ಟ. ಆದರೆ ಈನಸ್‌ಗೆ ಸಿಗುತ್ತಿತ್ತು. 1961ರ ನವೆಂಬರಿನಲ್ಲಿ ಅಮೆರಿಕ ಭೂಮಿಯ ಸುತ್ತ ಕಳುಹಿಸಿದ ಚಿಂಪಾಂಜಿಯ ಹೆಸರೂ ಅದೇ. ಸುಳಿವಿನಲ್ಲಿ ಆ ಚಿಂಪಾಂಜಿಯನ್ನು ತಂದಿದ್ದರೆ ಆಟ ಗೊತ್ತಿಲ್ಲದವರಿಗೂ ಒಂದು ದಾರಿಯಿರುತ್ತಿತ್ತು. ಸ್ಲಾಟರ್‌ನನ್ನೇ ಕೇಳಬೇಕೆಂದಿದ್ದರೆ 1946ರ ವರ್ಲ್ಡ್ ಸೀರೀಸ್‌ನ, ಅಂದರೆ ಆ ವರ್ಷದ ಚಾಂಪಿಯನ್ನರನ್ನು ನಿರ್ಧರಿಸುವ ಅಂತಿಮ ಸರಣಿಯ, ಏಳನೆಯ ಪಂದ್ಯವನ್ನಾದರೂ ಹೆಸರಿಸಬಹುದಿತ್ತು. ಎಂಟನೆಯ ಇನಿಂಗ್‌ನಲ್ಲಿ ಅವನು ಮೊದಲ ಬೇಸ್‌ನಿಂದ ಹೊರಟು ಎಲ್ಲಿಯೂ ನಿಲ್ಲದೆ ಹೋಮ್‌ವರೆಗೆ ಓಡಿ ತಂದ ರನ್‌ನಿಂದಲೇ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ರೆಡ್ ಸಾಕ್ಸ್ ವಿರುದ್ಧ 4-3ರಿಂದ ಗೆದ್ದದ್ದು.