ಓಕ್ ನೆಲದ ಕೆಳಗಿನ ಸೀಕಾಕ್

ಏಪ್ರಿಲ್ ಮುಗಿಯುತ್ತ ಬಂತೆಂದರೆ ಗೋವೆಯ ಜುವಾರಿ ನದಿ ದಂಡೆಯ ನಮ್ಮ ದೋಣಿ ಯಾರ್ಡಿನಲ್ಲಿ ಯಾರಿಗೂ ಸರಿಯಾದ ನಿದ್ದೆ ಇರುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಕಡಲು ಕೆರಳುತ್ತದೆ, ಪಕ್ಕದ ಮಾಂಡೋವಿ ನದಿಯ ಬಾಯಿಯಲ್ಲಿ ಆಗ್ವಾದದ ಮರಳದಿಬ್ಬದ ಮೇಲೆ ಅಲೆ ಮುರಿಯತೊಡಗುತ್ತದೆ, ಆಮೇಲೆ ದೋಣಿಯನ್ನು ಕಡಲಲ್ಲಿ ಓಡಿಸಿ ನೋಡುವ ಸೀ ಟ್ರಯಲ್ ಎಂಬ ಮಾತನ್ನು ಸೆಪ್ಟೆಂಬರ್ ತನಕ ಎತ್ತುವಂತಿಲ್ಲ. ಹಾಗಾಗಿ ನೀರಿಗಿಳಿಯಬೇಕಾದ ದೋಣಿಗಳೆಲ್ಲ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಭರತಕ್ಕಾಗಿ ಸಾಲಾಗಿ ಕಾಯುತ್ತವೆ, ನಾವು ಉಳಿದ ಕೊರತೆಗಳ ಸ್ನ್ಯಾಗ್ ಪಟ್ಟಿ ಹಿಡಿದು ಒಂದರಿಂದ ಇನ್ನೊಂದಕ್ಕೆ ಓಡುತ್ತೇವೆ. ನಾನು ಅಂಕೋಲೆಯವನು. ಹನ್ನೊಂದು ವರ್ಷದಿಂದ ಇಲ್ಲಿ ಕಮಿಷನಿಂಗ್ ಎಂಜಿನಿಯರ್, ಅಂದರೆ ಕಟ್ಟಿ ಮುಗಿದ ದೋಣಿಯ ಯಂತ್ರಗಳನ್ನು ಪರೀಕ್ಷಿಸಿ ಚಾಲೂ ಮಾಡುವವನು. ಎಷ್ಟು ದೋಣಿ ಇಳಿಸಿದೆ ಎಂಬ ಲೆಕ್ಕ ಮರೆತಿದೆ. ಒಂದು ಅಕ್ಷಯ ತೃತೀಯದಂದು ಇಳಿಸಿದ 24 ಮೀಟರ್ ಯಾಟ್ ಮಾತ್ರ ಇಂದಿಗೂ ಎದೆಯಲ್ಲಿ ಮುಳ್ಳಾಗಿ ಉಳಿದಿದೆ.

ಮಾಲೀಕರು ಪುಣೆಯವರು. ಕೆಲಸಗಾರರ ಹೆಗಲ ಮೇಲೆ ಕೈಯಿಟ್ಟು ಮಾತನಾಡಿಸುವ ಮನುಷ್ಯ. ಅದು ಅವರ ಮೊದಲ ದೋಣಿ. ಮನೆಯಂತಿರಬೇಕು ಎಂಬುದು ಗಂಡ ಹೆಂಡತಿ ಇಬ್ಬರ ಆಸೆ. ಅದರಲ್ಲಿ ತಪ್ಪೇನೂ ಇಲ್ಲ, ಅಷ್ಟು ಹಣ ಕೊಟ್ಟವರು ತಮ್ಮ ಇಷ್ಟದಂತೆ ಮಾಡಿಸಿಕೊಳ್ಳದೆ ಇನ್ನಾರ ಇಷ್ಟದಂತೆ ಮಾಡಿಸಿಕೊಳ್ಳಬೇಕು? ಒಂಬತ್ತು ತಿಂಗಳಲ್ಲಿ 43 ಬದಲಾವಣೆ ಪತ್ರಗಳು ಬಂದವು. ಹಿಂದಿನ ಡೆಕ್ಕಿನಲ್ಲಿ ಐಸ್ ಯಂತ್ರ, ನೀರಿನಡಿಯ ದೀಪಗಳು, ದೇವರಿಗೆ ಪೂರ್ವಕ್ಕೆ ಮುಖ ಮಾಡಿದ ಗೂಡು. ಚಲಿಸುವ ದೋಣಿಯಲ್ಲಿ ಪೂರ್ವ ಯಾವುದು ಎಂದು ನಮ್ಮ ಬಡಗಿ ಕೇಳಿದಾಗ ಮಾಲೀಕರೇ ಯೋಚಿಸಿ, ಕಟ್ಟುವ ಜೆಟ್ಟಿಯಲ್ಲಿ ನಿಂತಾಗಿನ ಪೂರ್ವ ಎಂದು ತೀರ್ಮಾನಿಸಿದರು.

ದೊಡ್ಡ ಜಗಳ ನಡೆದದ್ದು ಅಮೃತಶಿಲೆಗೆ. ಅಡುಗೆಮನೆಯ ಕಟ್ಟೆಗೂ ಎರಡು ಸ್ನಾನದ ಕೋಣೆಗಳಿಗೂ 20 ಮಿಲಿಮೀಟರ್ ದಪ್ಪದ ಕಲ್ಲು ಬೇಕೆಂದು ಒಳಾಂಗಣ ವಿನ್ಯಾಸಗಾರರು ಪಟ್ಟು ಹಿಡಿದರು. ಅಷ್ಟು ದಪ್ಪದ ಕಲ್ಲು ಚದರ ಮೀಟರಿಗೆ 54 ಕಿಲೋ ತೂಗುತ್ತದೆ, ಅದೂ ನೀರಿನ ಮಟ್ಟದಿಂದ ಮೇಲೆ, ಅದೂ ಬಹುಪಾಲು ಎಡಮಗ್ಗುಲಿಗೆ. ನಾನು ತೂಕದ ಲೆಕ್ಕ ಹಿಡಿದು ಎರಡು ವಾರ ಹೋರಾಡಿ, ಅಲ್ಯೂಮಿನಿಯಂ ಜೇನುಗೂಡು ಹಲಗೆಗೆ ಅಂಟಿಸಿದ ತೆಳು ಕಲ್ಲಿಗೆ ಒಪ್ಪಿಸಿದೆ. ಗೆದ್ದ ಖುಷಿಯಿತ್ತು, ಜೊತೆಗೆ ಅವರ ಮಾತು ಮುರಿದೆನೆಂಬ ಮುಜುಗರವೂ ಇತ್ತು. ಮುಂದೆ ನಡೆದದ್ದಕ್ಕೆಲ್ಲ ಬೇರು ಈ ಮುಜುಗರದಲ್ಲಿದೆ ಎಂದು ನನಗೀಗ ಅನಿಸುತ್ತದೆ.

ಕೆಳಗಿನ ಲಾಬಿಯ ನೆಲದಲ್ಲಿ, ಮೆಟ್ಟಿಲಿನ ಬುಡದಲ್ಲಿ, ಮೂಲ ನಕ್ಷೆಯಂತೆ 450 ಮಿಲಿಮೀಟರ್ ಚೌಕದ ಒಂದು ಮುಚ್ಚಳವಿತ್ತು. ಅದನ್ನು ಎತ್ತಿದರೆ ಏಸಿಯ ಚಿಲ್ಲರ್‌ಗೆ ಸಮುದ್ರದ ನೀರು ಬಿಡುವ ಸೀಕಾಕ್ (ದೋಣಿಯ ತಳದ ತೂತನ್ನು ತೆರೆದು ಮುಚ್ಚುವ ಕವಾಟ), ಕಸ ಸೋಸುವ ಸ್ಟ್ರೇನರ್, ನೀರೆಳೆಯುವ ಪಂಪು ಮೂರೂ ಕಾಣುತ್ತಿದ್ದವು. ಮೆಟ್ಟಿಲಿಳಿದೊಡನೆ ಕಣ್ಣಿಗೆ ಬೀಳುವುದೇ ಈ ಮುಚ್ಚಳದ ಗೀಟು ಎಂದು ಯಜಮಾನತಿಗೆ ಬೇಸರ. ಒಂದೇ ಹಾಸಿನ ಓಕ್ ನೆಲ ಬೇಕು, ನಡುವೆ ಕೀಲು ಸಂದು ಯಾವುದೂ ಕಾಣಬಾರದು ಎಂದು ವಿನ್ಯಾಸಗಾರರು 29ನೇ ಪತ್ರ ಬರೆದರು. ನಾನು ಪಕ್ಕದ ಲಾಂಡ್ರಿ ಕಪಾಟಿನ ತಳದ ಹಲಗೆ ತೆಗೆದು, ಅಡ್ಡ ಮಲಗಿ, ಕೈ ಚಾಚಿ ನೋಡಿದೆ. ಸೀಕಾಕಿನ ಹಿಡಿಕೆ ಅಂಗೈಗೆ ಸಲೀಸಾಗಿ ಸಿಕ್ಕಿತು. ಒಂದು ಸಲ ತಿರುಗಿಸಿಯೂ ನೋಡಿದೆ. ಎದ್ದು ಬಂದು ಸಹಿ ಹಾಕಿದೆ.

ನಮ್ಮಲ್ಲಿ ಹಿರಿಯ ಫಿಟ್ಟರ್ ಒಬ್ಬರಿದ್ದಾರೆ, ಕುಮಟಾದವರು. ಇಡೀ ಯಾರ್ಡ್ ಅವರನ್ನು ಮಾವ ಎಂದೇ ಕರೆಯುತ್ತದೆ. ಅವರು ಅಂದು ನನ್ನನ್ನು ತಡೆದು, "ತಮ್ಮಾ, ಈ ಬಾಗಿಲು ಮುಚ್ಚಬೇಡ" ಎಂದರು. "ಲಾಂಡ್ರಿ ಕಡೆಯಿಂದ ಕೈ ಹೋಗುತ್ತದೆ ಮಾವ, ನಾನೇ ನೋಡಿದ್ದೇನೆ" ಎಂದೆ. ಅವರು ಮತ್ತೆ ಮಾತಾಡಲಿಲ್ಲ.

ನಾನು ನೋಡಿದ್ದು ನಿಜ. ಆದರೆ ನಾನು ನೋಡಿದಾಗ ಆ ಕಪಾಟು ಖಾಲಿಯಿತ್ತು. ಅಲ್ಲಿ ಕೂರಬೇಕಾಗಿದ್ದ ವಾಟರ್‌ಮೇಕರ್ (ಕಡಲ ನೀರನ್ನು ಸಿಹಿನೀರು ಮಾಡುವ ಯಂತ್ರ), 17ನೇ ಪತ್ರದ್ದು, ಆಗಿನ್ನೂ ಹಡಗಿನಲ್ಲಿ ಬರುತ್ತಿತ್ತು. ಅದಕ್ಕೂ ಸಹಿ ಹಾಕಿದವನು ನಾನೇ. ಇನ್ನು 31ನೇ ಪತ್ರ ಪಂಪಿನದು. ದೋಣಿಯ ವಿನ್ಯಾಸ ಯುರೋಪಿನದು, ಅಲ್ಲಿನ ಸಮುದ್ರದ ಲೆಕ್ಕಕ್ಕೆ ಮಾಡಿದ ಏಸಿ ಇಲ್ಲಿ ಸಾಲುವುದಿಲ್ಲ. ಬೇಸಗೆಯಲ್ಲಿ ಗೋವೆಯ ಕಡಲ ನೀರೇ 30 ಡಿಗ್ರಿ ಇರುತ್ತದೆ, ಚಿಲ್ಲರ್ ತನ್ನ ಬಿಸಿಯನ್ನು ಎಲ್ಲಿಗೆ ಸುರಿಯಬೇಕು? ಹಾಗಾಗಿ ಚಿಲ್ಲರ್ ದೊಡ್ಡದಾಯಿತು, ಅದಕ್ಕೆ ಗಂಟೆಗೆ 9,000 ಲೀಟರ್ ಎಳೆಯುವ ಹೊಸ ಪಂಪು ಬಂತು, ಒಂದೂವರೆ ಇಂಚಿನ ಹೋಸ್ ಬಂತು. ಒಂದೊಂದು ಪತ್ರವನ್ನೂ ಬಿಡಿಯಾಗಿ ನೋಡಿದರೆ ಹುಳುಕಿಲ್ಲ. ಮೂರನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡಿ ನೋಡುವ ಕೆಲಸ ಯಾರದೆಂದು ನಮ್ಮ ವ್ಯವಸ್ಥೆಯಲ್ಲಿ ಎಲ್ಲೂ ಬರೆದಿಲ್ಲ. ಬರೆದಿಲ್ಲವಾದರೂ ಅದು ನನ್ನದೇ ಆಗಿತ್ತು, ಮೂರರ ಮೇಲೂ ಸಹಿ ಮಾಡಿದವನು ನಾನೊಬ್ಬನೇ.

ಅಂದು ಬುಧವಾರ. ಹನ್ನೆರಡಕ್ಕೆ ರಾಹುಕಾಲ. ಭರತ ತುಂಬುವುದು ಹನ್ನೆರಡೂವರೆಯ ಸುಮಾರಿಗೆ. ನೀರಿನ ಲೆಕ್ಕಕ್ಕೆ ನಮಗೆ ಅವಸರವೇ ಇರಲಿಲ್ಲ, ಆದರೆ ದೋಣಿ ಹನ್ನೆರಡರೊಳಗೆ ತೇಲಲೇಬೇಕೆಂದು ಪುರೋಹಿತರು ಹೇಳಿದ್ದರು. ಹತ್ತೂವರೆಗೆ ಪೂಜೆ ಮುಗಿಯಿತು. ತೆಂಗಿನಕಾಯಿ ಒಡೆದು, ಹೂವಿನ ಹಾರ ತೊಟ್ಟ ದೋಣಿಯನ್ನು ವಿಂಚ್ ಬಿಡುತ್ತ ಸ್ಲಿಪ್‌ವೇ ಎಂಬ ಇಳಿಜಾರಿನ ಮೇಲೆ ನೀರಿಗೆ ಇಳಿಸತೊಡಗಿದೆವು. ಹಿಂಭಾಗ ತೇಲಲು ಹವಣಿಸುವಾಗ ದೋಣಿ ಹೊತ್ತ ಕ್ರೇಡಲನ್ನು ನಿಲ್ಲಿಸಿ, ಒಳಗೆ ಹೋಗಿ, ಸೀಕಾಕ್‌ಗಳನ್ನು ಒಂದೊಂದಾಗಿ ತೆರೆದು ಅರ್ಧ ಗಂಟೆ ಕಾಯುವುದು ನಮ್ಮ ಪದ್ಧತಿ. ಹನ್ನೊಂದು ಇಪ್ಪತ್ತಾಗಿತ್ತು. ಪ್ರಾಜೆಕ್ಟ್ ಮ್ಯಾನೇಜರ್ ದಂಡೆಯಿಂದ ಗಡಿಯಾರ ತೋರಿಸಿದರು. ಹನ್ನೆರಡೇ ನಿಮಿಷಕ್ಕೆ ನಾನು ಹೆಬ್ಬೆರಳು ಎತ್ತಿದೆ.

ಪೂರ್ತಿ ಅರ್ಧ ಗಂಟೆ ಕಾದಿದ್ದರೂ ಆ ತೊಂದರೆ ಅಲ್ಲಿ ಗೊತ್ತಾಗುತ್ತಿರಲಿಲ್ಲ. ಪಂಪು ಓಡಿದರೆ ಮಾತ್ರ ಅದು ಬಯಲಾಗುತ್ತಿತ್ತು, ಪಂಪು ಓಡಿಸಲು ಸ್ಲಿಪ್‌ವೇ ತುದಿಯವರೆಗೆ ದಡದ ವಿದ್ಯುತ್ ಬೇಕಿತ್ತು. ಅದಕ್ಕೆಂದು 50 ಮೀಟರ್ ಕೇಬಲ್ ಕೊಡಿಸಿ ಎಂದು ನಾನು ಎರಡು ವರ್ಷ ಬರೆದಿದ್ದೆ. ದೋಣಿಯ ಬಾಗಿಲ ಹಿಡಿಗೆ ಚಿನ್ನದ ಲೇಪ ಹಾಕಿಸಲು ಒಂದೇ ದಿನದಲ್ಲಿ ಒಪ್ಪಿಗೆ ಸಿಗುತ್ತದೆ, ಯಾರ್ಡಿನ ಕೇಬಲ್ಲಿಗೆ ಸಿಗುವುದಿಲ್ಲ. ಮ್ಯಾನೇಜ್‌ಮೆಂಟಿನ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ದೋಣಿ ತೇಲಿತು. ದಂಡೆಯಲ್ಲಿ ಚಪ್ಪಾಳೆ. ಜನರೇಟರ್ ಹಚ್ಚಿ ಜೆಟ್ಟಿಗೆ ತಂದು ಕಟ್ಟಿದೆವು. ಇಪ್ಪತ್ತು ಮಂದಿ ನೆಂಟರು ಹತ್ತಿದರು, ಸೆಕೆಗೆ ಎಲ್ಲರ ಬೆನ್ನೂ ಒದ್ದೆ. ಏಸಿ ಹಾಕಿಸಿದೆ. ಎರಡು ನಿಮಿಷಕ್ಕೆ ಚಿಲ್ಲರ್ ನೀರಿನ ಹರಿವು ಸಾಲದೆಂದು ಟ್ರಿಪ್ ಆಯಿತು. ಹೊಸ ದೋಣಿ ನೀರಿಗಿಳಿದ ದಿನ ಇದು ಮಾಮೂಲು, ಸ್ಟ್ರೇನರಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ರೀಸೆಟ್ ಒತ್ತಿದೆ. ಮತ್ತೆ ಟ್ರಿಪ್. ಮತ್ತೆ ಒತ್ತಿದೆ. ಈ ಎರಡು ಸಲ ಒತ್ತಿದ್ದನ್ನು ನೆನೆದಾಗಲೆಲ್ಲ ಬೆರಳ ತುದಿ ಇಂದಿಗೂ ಜುಂ ಎನ್ನುತ್ತದೆ. ನಾನು ಒತ್ತಿದಾಗಲೆಲ್ಲ ಆ ಪಂಪು ನಿಮಿಷಕ್ಕೆ 150 ಲೀಟರಿನಂತೆ ನದಿಯನ್ನು ದೋಣಿಯೊಳಕ್ಕೆ ಸುರಿಯುತ್ತಿತ್ತು.

ಚುಕ್ಕಾಣಿಯಿರುವ ವೀಲ್‌ಹೌಸಿನ ಫಲಕದಲ್ಲಿ, ದೋಣಿಯ ತಳದಲ್ಲಿ ನಿಂತ ನೀರನ್ನು ಹೊರಹಾಕುವ ನಡುಭಾಗದ ಬಿಲ್ಜ್ ಪಂಪಿನ ಹಸಿರು ದೀಪ ಹೊತ್ತಿತು. ಬೆಳಿಗ್ಗೆ ತೊಳೆದ ನೀರು ಉಳಿದಿರಬೇಕು ಎಂದುಕೊಂಡೆ. ದೀಪ ಆರಲಿಲ್ಲ. ಆಮೇಲೆ ಅಲಾರಂ ಕೂಗಿತು. ಬಾಗಲಕೋಟೆಯ ನಮ್ಮ ಹುಡುಗ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದವನು, ಲಾಂಡ್ರಿ ಕಪಾಟಿಗೆ ತಲೆ ಹಾಕಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡ.

"ಸರ್, ಉಪ್ಪು."

ಮಳೆಗಾಲವಾಗಿದ್ದರೆ ನದಿಯ ಮೇಲ್ನೀರು ಸಪ್ಪೆಯಿರುತ್ತದೆ, ನಾಲಿಗೆಗೂ ಮೋಸವಾಗುತ್ತಿತ್ತು. ಬೇಸಗೆಯ ಜುವಾರಿ ಕಡಲಷ್ಟೇ ಉಪ್ಪು. ಪಂಪಿನ ಬ್ರೇಕರ್ ಕೆಳಗೆ ಎಳೆದು ಓಡಿದೆ. ಪಂಪು ನಿಂತರೂ ನೀರು ನಿಲ್ಲುವುದಿಲ್ಲ, ಅದು ಕೂತಿರುವುದೇ ನೀರಿನ ಮಟ್ಟಕ್ಕಿಂತ ಕೆಳಗೆ. ಎರಡು ಅಡಿ ಆಳದಲ್ಲಿ ಒಂದು ಇಂಚಿನ ತೂತಿದ್ದರೂ ನಿಮಿಷಕ್ಕೆ ಸುಮಾರು 60 ಲೀಟರ್ ನುಗ್ಗುತ್ತದೆ. ನಮ್ಮದು ಒಂದೂವರೆ ಇಂಚು. ಬಿಲ್ಜ್ ಪಂಪು ಓಡುತ್ತಲೇ ಇತ್ತು, ಆದರೆ ನೀರನ್ನು ಮೇಲಕ್ಕೆತ್ತಿ ನಾಲ್ಕು ತಿರುವು ದಾಟಿಸುವಷ್ಟರಲ್ಲಿ ಅದರ ಮೈಮೇಲೆ ಬರೆದ ಲೆಕ್ಕದ ಅರ್ಧವೂ ಕೈಗೆ ಬರುವುದಿಲ್ಲ.

ಕಪಾಟಿನಲ್ಲಿ ಅಡ್ಡ ಮಲಗಿ ಕೈ ಚಾಚಿದೆ. ಈಗ ಅಲ್ಲಿ ವಾಟರ್‌ಮೇಕರ್ ಇತ್ತು. ಅದರ ಹಿಂದಿನ ಸಂದಿನಲ್ಲಿ ಮೊಣಕೈವರೆಗೆ ತೂರಿಸಿದೆ, ಹಿಡಿಕೆಯ ತುದಿ ಎರಡು ಬೆರಳಿಗೆ ತಾಗಿತು. ಎಳೆದೆ. ಕಾಲು ಸುತ್ತು ತಿರುಗಬೇಕಾದ ಹಿಡಿಕೆ ಅದರ ಮೂರನೆಯ ಒಂದು ಪಾಲು ತಿರುಗಿ ಟಕ್ಕೆಂದು ನಿಂತಿತು. ವಾಟರ್‌ಮೇಕರಿನ ಬ್ರಾಕೆಟ್ ಅಡ್ಡ ಬಂದಿತ್ತು. ಮತ್ತೆ ಎಳೆದೆ. ಟಕ್. ಮುಂಗೈ ಚರ್ಮ ಸುಲಿದು ಉಪ್ಪು ನೀರು ಉರಿಯಿತು. ಇಂಥ ಹೊತ್ತಿಗೆಂದು ಪ್ರತಿ ಸೀಕಾಕಿಗೂ ತೂತಿಗೆ ಬಡಿಯುವ ಮರದ ಬೆಣೆ ಕಟ್ಟಿರುತ್ತೇವೆ. ಆ ಬೆಣೆಯೂ ಅಲ್ಲೇ, ಓಕ್ ನೆಲದ ಕೆಳಗೆ, ದಾರದಲ್ಲಿ ತೂಗುತ್ತಿತ್ತು.

ನೆಲ ಕತ್ತರಿಸದೆ ದಾರಿಯಿರಲಿಲ್ಲ. ಅದು ಗೊತ್ತಾದ ಮೇಲೂ ನಾನು ಮೂರು ನಿಮಿಷ ಕಳೆದೆ. ಮೇಲೆ ಹೋಗಿ ಮ್ಯಾನೇಜರನ್ನು ಕೇಳಿದೆ, ಅವರು ವಿನ್ಯಾಸಗಾರರಿಗೆ ಫೋನ್ ಹಚ್ಚಿದರು, ಫೋನ್ ರಿಂಗಾಗುತ್ತಿತ್ತು. ನೀರು ಇನ್ವರ್ಟರಿನ ತಳಕ್ಕೆ ನಾಲ್ಕು ಬೆರಳು ಕೆಳಗಿತ್ತು. ಮೆಟ್ಟಿಲ ಮೇಲೆ ಯಜಮಾನತಿ ಆರತಿಯ ತಟ್ಟೆ ಹಿಡಿದು ನಿಂತಿದ್ದರು. ನಾನು ಹೇಳಲಾರದೆ ಹೇಳಿದೆ. ಅವರು ನೆಲದ ಕಡೆ ಒಮ್ಮೆಯೂ ನೋಡದೆ, "ಕತ್ತರಿಸಿ, ಕೇಳುತ್ತ ನಿಂತಿದ್ದೀರಲ್ಲ!" ಎಂದು ಮರಾಠಿಯಲ್ಲಿ ಗದರಿದರು. ಅಷ್ಟರಲ್ಲಿ ಕೆಳಗೆ ಗರಗಸದ ಸದ್ದು ಶುರುವಾಗಿತ್ತು. ಮಾವ ಯಾರ ಒಪ್ಪಿಗೆಗೂ ಕಾದಿರಲಿಲ್ಲ.

ಅವರು ಎಲ್ಲಿ ಕತ್ತರಿಸಿದರೆಂಬುದನ್ನು ಹೇಳಲೇಬೇಕು. ಮುಚ್ಚಳ ಇದ್ದ ಜಾಗವನ್ನು ಅಳತೆಯಿಲ್ಲದೆ ಕಣ್ಣಂದಾಜಿನಲ್ಲಿ ಗುರುತಿಸಿ, ಕೆಳಗಿನ ತೊಲೆಗೆ ಒಂದು ಗೀರೂ ತಾಗದಂತೆ ಚೌಕವಾಗಿ ತೆಗೆದಿದ್ದರು. ಕೈ ಇಳಿಸಿ ಸ್ಪ್ಯಾನರಿನಿಂದ ಹಿಡಿಕೆಯ ನಟ್ ಸಡಿಲಿಸಿ, ಹಿಡಿಕೆಯನ್ನೇ ಎತ್ತಿ ತೆಗೆದು, ಬರಿ ಕಡ್ಡಿಯನ್ನು ಸ್ಪ್ಯಾನರಿನಿಂದ ಹಿಡಿದು ತಿರುಗಿಸಿದರು. ಬುಳುಬುಳು ಸದ್ದು ಸಣ್ಣಗಾಗಿ ನಿಂತಿತು. ಪಂಪಿನ ಹೊರಬಾಯಿಯಿಂದ ಹೋಸ್ ಕಳಚಿ ಬಿದ್ದಿತ್ತು. ಎರಡು ಕ್ಲಿಪ್‌ಗಳಲ್ಲಿ ಒಂದರ ಸ್ಕ್ರೂ ಅರ್ಧ ಮಾತ್ರ ಬಿಗಿದಿತ್ತು, ಇನ್ನೊಂದನ್ನು ಬಿಗಿದೇ ಇರಲಿಲ್ಲ. ಹಿಂದಿನ ರಾತ್ರಿ ಗುತ್ತಿಗೆಯವರು ಪಂಪು ಕೂರಿಸಿ, ನೆಲ ಹಾಕುವವರಿಗೆ ಜಾಗ ಬಿಟ್ಟುಕೊಡಲು ಅವಸರದಲ್ಲಿ ಎದ್ದಿದ್ದರು. ಬೆಳಗಿನ ಜಾವ ಓಕ್ ಅದನ್ನು ಮುಚ್ಚಿತು.

ಮರುದಿನ ವಿಚಾರಣೆ. ಕ್ಲಿಪ್ ಬಿಗಿಯದವನು ಯಾರು ಎಂಬುದೊಂದೇ ಪ್ರಶ್ನೆ. ಆ ರಾತ್ರಿ ಟಾರ್ಚ್ ಹಿಡಿದು ನಿಂತಿದ್ದ ಬಾಗಲಕೋಟೆಯ ಹುಡುಗನ ಹೆಸರು ಹೇಗೋ ವರದಿಯ ಮೊದಲ ಸಾಲಿಗೆ ಬಂದಿತ್ತು. ಉಪ್ಪೆಂದು ಹೇಳಿ ದೋಣಿ ಉಳಿಸಿದವನು ಅವನು. ನಾನು ಮೂರು ಪತ್ರಗಳ ಪ್ರತಿ ತೆಗೆದು, ನನ್ನ ಮೂರು ಸಹಿಗಳಿಗೆ ಕೆಂಪು ಗುರುತು ಹಾಕಿ, ಅವನ ಹೆಸರು ತೆಗೆದು ನನ್ನದನ್ನು ಬರೆಯಿರಿ ಎಂದು ಬರೆದುಕೊಟ್ಟೆ. ಆ ವರ್ಷ ನನ್ನ ಬಡ್ತಿ ತಪ್ಪಿತು. ಹುಡುಗನ ಕೆಲಸ ಉಳಿಯಿತು.

ಲಾಬಿಗೆ ಮುಚ್ಚಳ ಮರಳಿ ಬಂತು, ಈ ಸಲ ಕಣ್ಣಿಗೆ ಕಾಣುವ ಹಿತ್ತಾಳೆಯ ಅಂಚಿನೊಂದಿಗೆ. ಅಂಚು ಬೇಕೆಂದು ಕೇಳಿದವರು ಯಜಮಾನತಿಯೇ. ಮಾವ ಕತ್ತರಿಸಿದ ಓಕ್ ತುಂಡು ನನ್ನ ಮೇಜಿನ ಮೇಲಿದೆ, ಹೊಸ ಪತ್ರಗಳನ್ನು ಈಗ ಅದರ ಕೆಳಗೆ ಒಟ್ಟಿಗೆ ಇಡುತ್ತೇನೆ, ಒಟ್ಟಿಗೆ ಓದದೆ ಒಂದಕ್ಕೂ ಸಹಿ ಹಾಕುವುದಿಲ್ಲ. ಹಿಡಿಕೆ ತಿರುಗುವ ಹಾದಿಯನ್ನು ಸೀಮೆಸುಣ್ಣದಿಂದ ಬರೆದ ಮೇಲೆಯೇ ಅಕ್ಕಪಕ್ಕದ ಯಂತ್ರಕ್ಕೆ ರಂಧ್ರ ಕೊರೆಯುತ್ತೇವೆ. ಎಲ್ಲ ಉಪಕರಣ ಕೂತಾದ ಮೇಲೆ, ನೆಲ ಮುಚ್ಚಿದ ಮೇಲೆ, ದೀಪ ಆರಿಸಿ ಒಬ್ಬರು ಒಳಗೆ ಇಳಿದು ಅಷ್ಟೂ ಸೀಕಾಕ್‌ಗಳನ್ನು ಮುಚ್ಚಿ ಬರಬೇಕು. ಹಲಗೆಗಳನ್ನು ಎತ್ತಿ ಇಳಿಸಿ ಸಮಯ ಹಾಳು ಎಂದು ಆಫೀಸಿನವರು ಗೊಣಗುತ್ತಾರೆ.

ಕಳೆದ ವಾರ ಇನ್ನೊಂದು ದೋಣಿಯಲ್ಲಿ ಬಾಗಲಕೋಟೆಯ ಹುಡುಗ ಇಳಿದಿದ್ದ. ಹದಿನಾಲ್ಕು ಸೀಕಾಕ್. ಹದಿಮೂರು ಬೇಗ ಮುಗಿದವು. ಕೊನೆಯದರ ಹತ್ತಿರ ಕತ್ತಲಲ್ಲಿ ಟಕ್ ಎಂಬ ಸದ್ದು ಕೇಳಿಸಿತು. ನಾನೂ ಮಾವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಲಿನ ಹಲಗೆ ಎತ್ತಿ, ಕೂರಿಸಿ ಆಗಿನ್ನೂ ಮೂರು ದಿನವಷ್ಟೇ ಆಗಿದ್ದ ಪೈಪಿನ ಬ್ರಾಕೆಟ್ ಬಿಚ್ಚಿಸಿ ಎರಡು ಇಂಚು ಆಚೆಗೆ ಸರಿಸಿದೆವು, ಅವನು ಮತ್ತೆ ಇಳಿದ.