ಆ 'ಎಸ್' ಎಲ್ಲಿ ಹಾಕಬೇಕು ಸಾರ್?

ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಬಹುವಚನದ ಬಗ್ಗೆ ಬರೆಯುತ್ತೇನೆ ಅಂದೆ. ಸಂಪಾದಕರು ನಕ್ಕರು. ನಮ್ಮ ಬ್ಯಾಚಿನವರು ನಗುವುದಿಲ್ಲ, ಅವರಿಗೆ ಗೊತ್ತು, ಇಂಗ್ಲಿಷ್ ಮೇಷ್ಟ್ರು ಪಠ್ಯಪುಸ್ತಕ ಪಕ್ಕಕ್ಕಿಟ್ಟು 'ಅಟಾರ್ನಿ ಜನರಲ್' (ಸರ್ಕಾರದ ಮುಖ್ಯ ವಕೀಲ) ಎಂಬ ಎರಡು ಪದ ಹಿಡಿದುಕೊಂಡು ಎಷ್ಟು ಪೀರಿಯಡ್ ಎಳೆದರು ಅಂತ.

ಅದನ್ನು ಬೋರ್ಡಿನ ಮೇಲೆ ಬರೆದು ಬಹುವಚನ ಕೇಳಿದರು. ಇಡೀ ಕ್ಲಾಸು 'ಅಟಾರ್ನಿ ಜನರಲ್ಸ್' ಅಂದಿತು. ಮೇಷ್ಟ್ರು ತಪ್ಪು ಅನ್ನಲಿಲ್ಲ. "ಇದರಲ್ಲಿ ನಾಮಪದ ಯಾವುದು ಹೇಳ್ರಪ್ಪಾ" ಅಂದರು. ಇಲ್ಲಿ ಜನರಲ್ ಅಂದರೆ ಸೇನೆಯವನಲ್ಲ, ಬರೀ ವಿಶೇಷಣ. ಮನುಷ್ಯ ಇರುವುದು ಅಟಾರ್ನಿಯಲ್ಲಿ, ಅಂದರೆ ವಕೀಲನಲ್ಲಿ. ಅಮೆರಿಕದ 50 ರಾಜ್ಯಗಳಿಗೂ ಒಬ್ಬೊಬ್ಬ ಅಟಾರ್ನಿ ಜನರಲ್ ಇದ್ದಾರೆ, ಅವರೆಲ್ಲ ಸೇರಿದರೆ 'ಅಟಾರ್ನೀಸ್ ಜನರಲ್'. ಹಾಗೇ ನೋಟರೀಸ್ ಪಬ್ಲಿಕ್ (ದಾಖಲೆ ದೃಢೀಕರಿಸುವವರು), ಕೋರ್ಟ್ಸ್ ಮಾರ್ಷಲ್ (ಸೇನಾ ನ್ಯಾಯಾಲಯಗಳು). ಆದರೆ ಸೇನೆಯ ಮೇಜರ್ ಜನರಲ್‌ನಲ್ಲಿ ಜನರಲ್ಲೇ ಮನುಷ್ಯ, ಅದಕ್ಕೆ 'ಮೇಜರ್ ಜನರಲ್ಸ್'.

ವಿಶೇಷಣ ಹೀಗೆ ಹಿಂದೆ ಬಂದು ಕೂತಿದ್ದು ಹೇಗೆ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆಯಲ್ಲಿ, ಕೋರ್ಟಿನಲ್ಲಿ ಫ್ರೆಂಚ್ ಬಂದು ಕೂತಿತು, ಆ ಭಾಷೆಯಲ್ಲಿ ವಿಶೇಷಣ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ. 1362ರಲ್ಲಿ ವಾದವೆಲ್ಲ ಇಂಗ್ಲಿಷಿನಲ್ಲೇ ನಡೆಯಲಿ ಎಂದು ಕಾನೂನು ಮಾಡಿದರೂ ವಕೀಲರು ಬಿಡಲಿಲ್ಲ, ಇನ್ನೂ ಕೆಲವು ಶತಮಾನ ತಮ್ಮ ಫ್ರೆಂಚನ್ನು ಸಾಕಿಕೊಂಡೇ ಬಂದರು. (ವಕೀಲರು ಯಾವತ್ತು ಏನನ್ನು ಬಿಟ್ಟಿದ್ದಾರೆ!) ನಮಗೆ ಈ ತಲೆನೋವಿಲ್ಲ. ದೊಡ್ಡ ಮನೆ, ದೊಡ್ಡ ಮನೆಗಳು, ಅಷ್ಟೇ. 'ಗಳು' ಕೊನೆಗೆ ಹತ್ತಿದರೆ ಮುಗೀತು, 'ದೊಡ್ಡ' ಕದಲುವುದೇ ಇಲ್ಲ.

ನಿಜವಾದ ಮಜಾ ಶುರುವಾಗಿದ್ದು ಪೂರ್ತಿ ಫ್ರೆಂಚ್ ವೇಷದಲ್ಲೇ ಓಡಾಡುವ ಪದಗಳಿಂದ. 'ಫಾಮ್ ಫತಾಲ್' (ಮೋಹಿಸಿ ಹಾಳುಮಾಡುವ ಹೆಣ್ಣು) ಬಹುವಚನವಾದಾಗ ಎರಡು ಪದಕ್ಕೂ ಎಸ್ ಬೇಕು, ಯಾಕೆಂದರೆ ಫ್ರೆಂಚಿನಲ್ಲಿ ನಾಮಪದದ ಜೊತೆ ವಿಶೇಷಣವೂ ಬದಲಾಗಬೇಕು. 'ಕೂ ದೆತಾ'ದಲ್ಲಿ (ಸರ್ಕಾರವನ್ನು ಬಲವಂತವಾಗಿ ಉರುಳಿಸುವುದು) ಎಸ್ ಮೊದಲ ಪದಕ್ಕೆ ಮಾತ್ರ, ಯಾಕೆಂದರೆ ಎಷ್ಟು ಸಲ ಸರ್ಕಾರ ಉರುಳಿಸಿದರೂ 'ದೆತಾ', ಅಂದರೆ 'ರಾಜ್ಯದ' ಎಂಬ ಭಾಗ ಹಾಗೇ ಇರುತ್ತದೆ. ಮೇಷ್ಟ್ರು ಡಿಕ್ಟೇಶನ್‌ನಲ್ಲಿ ಏಕವಚನ, ಬಹುವಚನ ಎರಡನ್ನೂ ಒಂದೇ ಥರ ಓದಿದರು. ಯಾವುದು ಯಾವುದು ಸಾರ್ ಅಂತ ಕೂಗಿದೆವು. ಆ ಎಸ್ ಫ್ರೆಂಚರ ಬಾಯಲ್ಲಿ ಕೇಳಿಸುವುದೇ ಇಲ್ಲ, ಕಾಗದದ ಮೇಲೆ ಮಾತ್ರ ಇರುತ್ತದೆ! 'ರಾಂಡೆವೂ' (ಮೊದಲೇ ಗೊತ್ತುಮಾಡಿಕೊಂಡ ಭೇಟಿ) ಇದಕ್ಕೆ ಪೂರ್ತಿ ಉಲ್ಟಾ. ಇಂಗ್ಲಿಷಿನಲ್ಲಿ ಅದರ ಬಹುವಚನಕ್ಕೂ ಅದೇ ಸ್ಪೆಲಿಂಗ್, ಬಾಯಲ್ಲಿ ಮಾತ್ರ 'ರಾಂಡೆವೂಝ್'. 'ಓ ಪೇರ್' (ಪರದೇಶದ ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ಯುವಜನ) ಎಂಬುದರಲ್ಲಿ ವ್ಯಕ್ತಿಯನ್ನು ಹೆಸರಿಸುವ ನಾಮಪದವೇ ಇಲ್ಲ. ಹಾಗಾಗಿ ಎಸ್ ಸುಮ್ನೆ ಕೊನೆಗೆ ಹೋಗುತ್ತದೆ.

'ಕಲ್ ಡಿ ಸ್ಯಾಕ್' ಬಗ್ಗೆ ಮಾತ್ರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇವತ್ತಿಗೂ ಜಗಳ. ಅಕ್ಷರಶಃ ಚೀಲದ ತಳ, ಅಂದರೆ ಮುಂದೆ ದಾರಿಯಿಲ್ಲದ ರಸ್ತೆ. ತಳಗಳು ತಾನೇ ಜಾಸ್ತಿಯಾಗಬೇಕು, ಹಾಗಾಗಿ ಎಸ್ 'ಕಲ್'ಗೆ ಸೇರಬೇಕು ಎನ್ನುವವರು ಕೆಲವರು. ಡಿಕ್ಷನರಿಗಳು 'ಕಲ್ ಡಿ ಸ್ಯಾಕ್ಸ್' ಕೂಡ ಒಪ್ಪುತ್ತವೆ, ಅಟಾರ್ನಿ ಜನರಲ್ಸ್ ಅನ್ನೂ ಕೆಲವು ಒಪ್ಪುತ್ತವೆ. ನಾನು 'ಸ್ಯಾಕ್ಸ್' ಪಕ್ಷ. ಪದ ಬಂದು ಇಷ್ಟು ಕಾಲ ಆದ ಮೇಲೆ ಅದಕ್ಕೆ ಈ ಮನೆಯ ಪದ್ಧತಿಯೇ ಸರಿ ಅಲ್ವಾ? ಕೋರ್ಟಿನ ಪದಗಳಲ್ಲಿ ಮಾತ್ರ ನಾನಿನ್ನೂ ಮೇಷ್ಟ್ರ ಶಿಷ್ಯ.

ಅವರನ್ನು ಸಿಕ್ಕಿಸಬೇಕೆಂದು ಹಿಂದಿನ ಬೆಂಚಿನವನೊಬ್ಬ ಬೋರ್ಡಿಗೆ ಹೋಗಿ, ಸೇನೆ ಓಡಿಹೋದವರನ್ನು ವಿಚಾರಣೆಗೆ ಗುರಿಮಾಡುತ್ತದೆ ಎಂಬ ಅರ್ಥದಲ್ಲಿ 'ದಿ ಆರ್ಮಿ ಕೋರ್ಟ್ ಮಾರ್ಷಲ್ಸ್ ಡೆಸರ್ಟರ್ಸ್' ಎಂದು ಬರೆದು, ಇದು ತಪ್ಪಾ ಸಾರ್ ಅಂದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಸರಿಯಾಗೇ ಇದೆ. ಅದು ಕ್ರಿಯಾಪದ ಕಣೋ, ಎಸ್ ಕೊನೆಗೇ ಹಾಕಬೇಕು. ಹೋಗಿ ಕೂತ್ಕೋ."