ಗುಳಿಗೆ ಯಾಕೆ ನಿಲ್ಲಿಸಬಾರದು: ಗೋಡೆ ಚಾರ್ಟ್ ಕೆಲಸ ಎಲ್ಲಿಗೆ ಬಂತು

ಮೊದಲ ಚಾರ್ಟ್ ಮುಗಿಯಿತು. ಎರಡನೆಯದು ಪೆನ್ಸಿಲ್‌ನಲ್ಲಿದೆ. ಮೂರು ಮತ್ತು ನಾಲ್ಕಕ್ಕೆ ಅಂಕಿಗಳು ಸಿಕ್ಕಿವೆ, ಡ್ರಾಯಿಂಗ್ ಶೀಟ್ ಇನ್ನೂ ತಂದಿಲ್ಲ. ಐದನೆಯದರ ಬಗ್ಗೆ ಕೊನೆಗೆ ಹೇಳುತ್ತೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ರಾಯಚೂರಿನಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರ್ ಆಗಿದ್ದವನು. ಈಗ ರಿಟೈರ್ಡ್. ರಕ್ತದ ಕ್ಯಾನ್ಸರ್ ಚಿಕಿತ್ಸೆಯನ್ನು ಬದಲಿಸಿದ ಕೆಲವು ಪ್ರಯೋಗಗಳನ್ನು, ಪ್ರಕಟವಾದ ಅಂಕಿಗಳಿಂದಲೇ, ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಪ್ರತಿ ಹಾಳೆಯನ್ನೂ ಪರಿಚಯದ ಪೆಥಾಲಜಿ ಡಾಕ್ಟರೊಬ್ಬರು ನೋಡಿ ಸೈ ಅಂದ ಮೇಲೆಯೇ ಶಾಯಿ ಹಾಕುವುದು. ಯಾರು ಎಷ್ಟು ಗುಳಿಗೆ ತಗೋಬೇಕು ಅನ್ನುವುದು ಯಾವ ಹಾಳೆಯಲ್ಲೂ ಇರುವುದಿಲ್ಲ.

ಕೆಲಸ ಶುರುವಾದದ್ದು ಒಂದು ಪ್ರಶ್ನೆಯಿಂದ. ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಹೈದರಾಬಾದಿನಲ್ಲಿ ಇಂಜೆಕ್ಷನ್‌ಗಳ ಕೋರ್ಸ್ ಮುಗಿಸಿ ಊರಿಗೆ ಬಂದಿದ್ದಾಳೆ. ದಿನಾ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಅವಳ ಅಪ್ಪ ಕೇಳಿದ: "ರಕ್ತ ಕ್ಲೀನ್ ಐತಿ ಅಂತ ರಿಪೋರ್ಟ್ ಬಂದೈತಲ್ರೀ ಸರ್. ಮತ್ತ ಯಾಕ್ರೀ ಎರಡು ವರ್ಷ ಗುಳಿಗಿ?" ಡಾಕ್ಟರ್ ಹೇಳಿದ್ದಾರೆ, ತಗೋಬೇಕು ಅಂದುಬಿಡಬಹುದಿತ್ತು. ಆದರೆ ಅವನು ಕೇಳಿದ್ದು ಯಾಕೆ ಅಂತ. ಗಣಿತದ ಮಾಸ್ತರ್‌ಗೆ ಯಾಕೆ ಅಂತ ಕೇಳಿದವನು ಅಪರೂಪದ ಮನುಷ್ಯ.

ಮೊದಲ ಹಾಳೆ: 42 ಜನ, ಎರಡು ಗೆರೆ

ಅವನ ಪ್ರಶ್ನೆಗೆ ನೇರ ಉತ್ತರ 1963ರಲ್ಲೇ ಪ್ರಕಟವಾಗಿದೆ. ಅಮೆರಿಕದಲ್ಲಿ ಎಮಿಲ್ ಫ್ರೈರೈಕ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ.

ಅದಕ್ಕೂ ಹಿಂದಿನ ಕಥೆ ಹಾಳೆಯ ಎಡ ಅಂಚಿನಲ್ಲಿ ಸಣ್ಣಕ್ಷರದಲ್ಲಿದೆ. 1948ರಲ್ಲಿ ಬೋಸ್ಟನ್‌ನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಇದ್ದ 16 ಮಕ್ಕಳಿಗೆ ಅಮಿನೊಪ್ಟೆರಿನ್ ಅನ್ನುವ ಔಷಧ ಕೊಟ್ಟ ವಿವರ ಬರೆದರು. 10 ಮಕ್ಕಳಲ್ಲಿ ರೋಗ ಇಳಿಯಿತು. ಆದರೆ ಕೆಲವೇ ತಿಂಗಳಲ್ಲಿ ಮತ್ತೆ ಬಂತು. ಆ ಔಷಧ ತಯಾರಾದದ್ದು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. ನಮ್ಮ ಹುಡುಗಿ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಕೂಡ ಅದೇ ಕುಟುಂಬದ್ದು. ಇದನ್ನು ನಮ್ಮ ತೆಲುಗು ಮಾತಾಡುವ ನೆರೆಯವರಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು!

ಅಂದರೆ ಆಗಿನ ತೊಂದರೆ ರೋಗವನ್ನು ಇಳಿಸುವುದಷ್ಟೇ ಅಲ್ಲ, ಇಳಿದದ್ದನ್ನು ಹಾಗೇ ಇಡುವುದು. ಸ್ಟೆರಾಯ್ಡ್ ಕೊಟ್ಟರೆ ಎಷ್ಟೋ ಜನರಲ್ಲಿ ರೋಗ ಇಳಿಯುತ್ತಿತ್ತು, ಇದಕ್ಕೆ ರೆಮಿಷನ್ ಅನ್ನುತ್ತಾರೆ. ಹಾಗೆ ರೆಮಿಷನ್ ಬಂದವರನ್ನು ಇಬ್ಬಿಬ್ಬರಂತೆ ಜೋಡಿ ಮಾಡಿದರು. ಜೋಡಿಯಲ್ಲಿ ಒಬ್ಬರಿಗೆ ಮರ್ಕ್ಯಾಪ್ಟೊಪ್ಯೂರಿನ್, ಇನ್ನೊಬ್ಬರಿಗೆ ಔಷಧವೇ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಟ್ಟದ್ದು. ಆಮೇಲೆ ರೆಮಿಷನ್ ಎಷ್ಟು ವಾರ ನಿಂತಿತು ಅಂತ ಎಣಿಸಿದರು. ಒಟ್ಟು 21 ಜೋಡಿ.

ಚೀಟಿ ಎತ್ತುವುದು ಯಾಕೆ ಅನ್ನುವ ಕಡೆ ಜನ ನಿಲ್ಲುತ್ತಾರೆ. ಇಲ್ಲಿ ರಾಯಚೂರು ನನಗೆ ಸಹಾಯಕ್ಕೆ ಬಂತು. ಲಿಂಗಸುಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಹೊಲ ನಮ್ಮಲ್ಲಿ ಯಾವ ರೈತ ನೋಡಿಲ್ಲ? ಹೊಸ ತೊಗರಿ ತಳಿಯನ್ನು ಒಳ್ಳೆ ಮಣ್ಣಿನ ಮಡಿಯಲ್ಲೇ ಹಾಕಿ, ಹಳೆಯದನ್ನು ಸವಳು ಮಡಿಗೆ ತಳ್ಳಿದರೆ ಯಾರೂ ಒಪ್ಪುವುದಿಲ್ಲ. ಯಾವ ಮಡಿಗೆ ಯಾವ ತಳಿ ಅಂತ ಲಾಟರಿ ಹಾಕಬೇಕು. ಈ ಪದ್ಧತಿಯನ್ನು 1920ರ ದಶಕದಲ್ಲಿ ರೊನಾಲ್ಡ್ ಫಿಶರ್ ಗಟ್ಟಿ ಮಾಡಿದ್ದೇ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನ ಹೊಲಗಳಲ್ಲಿ. ಆಸ್ಪತ್ರೆಗೆ ಬಂದದ್ದು ಆಮೇಲೆ. ಹೀಗೆ ಹೇಳಿದರೆ ಹೊಲ ಮಾಡಿದವರಿಗೆ ತಟ್ಟನೆ ತಿಳಿಯುತ್ತದೆ, ಓದಿದವರಿಗೆ ಸ್ವಲ್ಪ ಹೊತ್ತು ಬೇಕು!

ಇನ್ನು ಗೆರೆ. ಹಾಳೆಯಲ್ಲಿ ಒಂದು ವಾರಕ್ಕೆ 2 ಸೆಂಟಿಮೀಟರ್ ಅಗಲ, ಒಬ್ಬ ರೋಗಿಗೆ 2 ಸೆಂಟಿಮೀಟರ್ ಎತ್ತರ. ಹಾಗಾಗಿ ಎರಡೂ ಗೆರೆ 42 ಸೆಂಟಿಮೀಟರ್ ಎತ್ತರದಲ್ಲಿ ಶುರು. ಖಾಲಿ ಗುಳಿಗೆಯವರ ಗೆರೆ ಸುಲಭ. ಮೊದಲ ವಾರವೇ ಇಬ್ಬರಿಗೆ ರೋಗ ಮರಳಿತು, ಎರಡನೇ ವಾರ ಇನ್ನಿಬ್ಬರಿಗೆ. ಒಬ್ಬೊಬ್ಬರಿಗೂ 2 ಸೆಂಟಿಮೀಟರ್ ಇಳಿಸುತ್ತಾ ಹೋದರೆ ಸಾಕು. ಎಂಟನೇ ವಾರಕ್ಕೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಮರಳಿತ್ತು. 23ನೇ ವಾರಕ್ಕೆ ಗೆರೆ ನೆಲಕ್ಕೆ ಬಂತು.

ಔಷಧದವರ ಗೆರೆಯಲ್ಲಿ ತಮಾಷೆ ಇದೆ. 21 ಜನರಲ್ಲಿ 9 ಜನರಿಗೆ ರೋಗ ಮರಳಿತು. ಉಳಿದ 12 ಜನ ಲೆಕ್ಕ ಮುಗಿಸಿದ ದಿನವೂ ರೆಮಿಷನ್‌ನಲ್ಲೇ ಇದ್ದರು. ಒಬ್ಬರನ್ನು 6 ವಾರ ಮಾತ್ರ ನೋಡಿದ್ದಾರೆ, ಇನ್ನೊಬ್ಬರನ್ನು 35 ವಾರ. ಇವರನ್ನು ಎಲ್ಲಿ ಹಾಕುವುದು? ಬಿಟ್ಟುಬಿಟ್ಟರೆ ಔಷಧಕ್ಕೆ ಅನ್ಯಾಯ. ಎಲ್ಲರೂ ವಾಸಿ ಅಂತ ಬರೆದರೆ ಸುಳ್ಳು. ಇದಕ್ಕೆ ದಾರಿ ತೋರಿಸಿದವರು ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮೇಯರ್, 1958ರಲ್ಲಿ. ಅವರ ಉಪಾಯ ಎಂಟನೇ ಕ್ಲಾಸಿನ ಭಿನ್ನರಾಶಿ ಅಷ್ಟೇ. ಯಾವ ವಾರ ರೋಗ ಮರಳಿತೋ ಆ ವಾರ ಇನ್ನೂ ಲೆಕ್ಕದಲ್ಲಿ ಎಷ್ಟು ಜನ ಇದ್ದರು ಅಂತ ನೋಡಿ, ಮರಳಿದ ಒಬ್ಬೊಬ್ಬರಿಗೂ ಗೆರೆಯನ್ನು ಅಷ್ಟನೇ ಒಂದು ಭಾಗ ಇಳಿಸು.

ಆರನೇ ವಾರ 21ರಲ್ಲಿ ಮೂವರು: 42ರಿಂದ 36ಕ್ಕೆ. ಏಳನೇ ವಾರ ಲೆಕ್ಕದಲ್ಲಿ 17 ಜನ (6 ವಾರ ಮಾತ್ರ ನೋಡಿದವರು ಲೆಕ್ಕದಿಂದ ಹೊರಗೆ), ಅವರಲ್ಲಿ ಒಬ್ಬರು: 33.9. ಹೀಗೆ ಇಳಿಯುತ್ತಾ 16ನೇ ವಾರಕ್ಕೆ 26.4. 22ನೇ ವಾರ ಲೆಕ್ಕದಲ್ಲಿ ಉಳಿದವರು ಏಳೇ ಜನ. ಒಬ್ಬರಿಗೆ ಮರಳಿದರೂ ಗೆರೆ ಏಳನೇ ಒಂದು ಭಾಗ, ಅಂದರೆ ಸುಮಾರು 3.8 ಸೆಂಟಿಮೀಟರ್, ಒಮ್ಮೆಗೇ ಇಳಿಯುತ್ತದೆ. 23ನೇ ವಾರ 18.8. ಅಲ್ಲಿಂದ ಕೊನೆಯವರೆಗೆ ಚಪ್ಪಟೆ.

ಇದನ್ನು ಸ್ಕೇಲ್ ಹಿಡಿದು ಕೈಯಲ್ಲೇ ಎಳೆಯಬೇಕು ಅನ್ನುವುದು ನನ್ನ ಹಠ. ಮೊಮ್ಮಗ ಕಂಪ್ಯೂಟರ್‌ನಲ್ಲಿ ಕ್ಷಣದಲ್ಲಿ ತೆಗೆದು ತೋರಿಸಿದ. ಚೆನ್ನಾಗಿಯೇ ಇತ್ತು. ಆದರೆ ಬಲಗಡೆಯ ಮೆಟ್ಟಿಲು ಯಾಕೆ ದೊಡ್ಡದು ಅನ್ನುವುದು ಎಳೆದವನಿಗೆ ಮಾತ್ರ ಗೊತ್ತಾಗುತ್ತದೆ. ಕೊನೆಕೊನೆಗೆ ಜನ ಕಮ್ಮಿ, ಅದಕ್ಕೇ ಅಲ್ಲಿ ನಂಬಿಕೆಯೂ ಸ್ವಲ್ಪ ಕಮ್ಮಿ ಇರಬೇಕು. ಆಸ್ಪತ್ರೆಯ ಪೇಪರಿನಲ್ಲಿ ಇಂಥ ಗ್ರಾಫ್ ನೋಡುವಾಗ ಮೊದಲು ಬಲಗಡೆ ತುದಿ ನೋಡಿ.

23ನೇ ವಾರದಲ್ಲಿ ಒಂದು ಗೆರೆ ನೆಲದ ಮೇಲೆ, ಇನ್ನೊಂದು ಹತ್ತಿರ ಹತ್ತಿರ 19 ಸೆಂಟಿಮೀಟರ್ ಮೇಲೆ. ಆ ಜಾಗದಲ್ಲಿ ಕೆಂಪು ಬಾಣ ಹಾಕಿದ್ದೇನೆ. ಎರಡೂ ಗುಂಪಿನವರು ಶುರುವಿನಲ್ಲಿ ರೆಮಿಷನ್‌ನಲ್ಲೇ ಇದ್ದರು. ರಿಪೋರ್ಟ್ "ಕ್ಲೀನ್" ಅಂದರೂ ಮೈಕ್ರೋಸ್ಕೋಪಿಗೆ ಸಿಗದಷ್ಟು ಕಮ್ಮಿ ಕ್ಯಾನ್ಸರ್ ಕಣಗಳು ಒಳಗೆ ಉಳಿದಿರುತ್ತವೆ, ಗುಳಿಗೆ ಇರುವುದು ಅವುಗಳಿಗೆ.

ಮೂರು ಜೋಡಿಗಳ ಗಲಾಟೆ

ಕೆಳಗಡೆ ಖಾಲಿ ಉಳಿದ ಜಾಗದಲ್ಲಿ 21 ಜೋಡಿಗಳನ್ನೂ ಬೇರೆ ಬೇರೆ ಬರೆದೆ. 18 ಜೋಡಿಗಳಲ್ಲಿ ಔಷಧದವರು ಮುಂದೆ. ಮೂರರಲ್ಲಿ ಉಲ್ಟಾ. ಒಂದು ಜೋಡಿಯಲ್ಲಂತೂ ಖಾಲಿ ಗುಳಿಗೆಯವರು 22 ವಾರ ನಿಂತರು, ಔಷಧದವರು 7 ವಾರ.

ಇದನ್ನು ಹಾಕಬೇಡಿ, ಜನ ಅದನ್ನೇ ಹಿಡ್ಕೋತಾರೆ ಅಂತ ಮನೆಯಲ್ಲಿ ಹೇಳಿದರು. ನಾನು ಹಾಕಿದೆ, ಅದೂ ಹಳದಿ ಬಣ್ಣದಲ್ಲಿ. ಯಾಕಂದರೆ ನಮ್ಮೂರಿನ ಕಟ್ಟೆ ಮಾತು ನಿಂತಿರುವುದೇ ಇಂಥ ಜೋಡಿಗಳ ಮೇಲೆ. "ಸಿಂಧನೂರಿನ ಕಡೆ ಒಬ್ಬ ಹುಡುಗ ಗುಳಿಗಿ ಬಿಟ್ಟ, ಆರಾಮ ಅದಾನ." ಇರಬಹುದು. ಸುಳ್ಳು ಅನ್ನುವುದಿಲ್ಲ. ಆದರೆ ಅವನು ಆ ಮೂರರಲ್ಲಿ ಒಬ್ಬ. ಉಳಿದ 18ರ ಸುದ್ದಿ ಕಟ್ಟೆಗೆ ಬರುವುದಿಲ್ಲ.

ಇನ್ನೊಂದು ಮಾತನ್ನೂ ಪಕ್ಕದಲ್ಲಿ ಸೇರಿಸಿದೆ. ಈ ಪ್ರಯೋಗವನ್ನು ಇಂತಿಷ್ಟು ಜನ ಆಗುವವರೆಗೆ ನಡೆಸಲೇಬೇಕು ಅಂತ ಇಟ್ಟುಕೊಂಡಿರಲಿಲ್ಲ. ಜೋಡಿ ಜೋಡಿಯಾಗಿ ನೋಡುತ್ತಾ ಬಂದು, ಫಲಿತಾಂಶ ಸ್ಪಷ್ಟವಾದ ಕೂಡಲೇ ನಿಲ್ಲಿಸಿದರು. ಖಾಲಿ ಗುಳಿಗೆ ಕೊಡುವುದು ಮೋಸ ಅಲ್ವಾ ಅಂತ ಕೇಳುವವರಿಗೆ ಇದನ್ನು ಮೊದಲು ತೋರಿಸುತ್ತೇನೆ. ಇವತ್ತು ಈ ಗುಳಿಗೆಯ ಬದಲು ಖಾಲಿ ಗುಳಿಗೆ ಕೊಡುವ ಪ್ರಯೋಗಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ. ಉತ್ತರ ಗೊತ್ತಾದ ಪ್ರಶ್ನೆ ಅದು.

ಈಚಿನ ಒಂದು ಅಧ್ಯಯನ ಕೂಡ ಈ ಹಾಳೆಗೆ ಅಂಟಿಕೊಂಡಿತು. ಅಮೆರಿಕದಲ್ಲಿ ಗುಳಿಗೆ ಡಬ್ಬಿಯ ಮುಚ್ಚಳದಲ್ಲೇ ಚಿಪ್ ಇಟ್ಟು, ಯಾವ ದಿನ ತೆರೆದರು ಅಂತ ಲೆಕ್ಕ ಇಟ್ಟರು. ನೂರಕ್ಕೆ ಐದಕ್ಕಿಂತ ಜಾಸ್ತಿ ಡೋಸ್ ತಪ್ಪಿಸಿದ ಮಕ್ಕಳಲ್ಲಿ ರೋಗ ಮರಳುವ ಅಪಾಯ ಎರಡು ಪಟ್ಟಿಗೂ ಹೆಚ್ಚು. ನೂರು ದಿನದಲ್ಲಿ ಐದು ದಿನ ಅಂದರೆ ಒಂದು ಮದುವೆ, ಒಂದು ಜಾತ್ರೆ, ಮೂರು ದಿನ ಊರಿಗೆ ಹೋಗಿ ಬಂದದ್ದು. ಅಷ್ಟರಲ್ಲೇ ಮುಗಿಯಿತು. ಜ್ವರ ಬಂದಾಗಲೋ ರಕ್ತದ ಕಣ ಇಳಿದಾಗಲೋ ಡಾಕ್ಟರೇ ನಿಲ್ಲಿಸುವುದು ಬೇರೆ ಮಾತು.

ಎರಡನೇ ಹಾಳೆ: ಲಿಂಫೋಮಾ

ಇದರಲ್ಲಿ ನಾಲ್ಕು ಗೆರೆ, ಒಂದರ ಮೇಲೊಂದು ಬಿದ್ದಿವೆ. ಸ್ಕೆಚ್ ಪೆನ್ ಬಣ್ಣ ಕಲಸಿಹೋಗದ ಹಾಗೆ ಎಳೆಯುವುದೇ ಕಷ್ಟ. ಆದರೆ ಹೇಳಬೇಕಾದ ಮಾತೂ ಅದೇ.

ಲಿಂಫೋಮಾ ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಅದಕ್ಕೆ ಚಾಪ್ ಅಂತ ನಾಲ್ಕು ಔಷಧಗಳ ಕೂಟ ಇದೆ. ಸೈಕ್ಲೊಫಾಸ್ಫಮೈಡ್, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್, ಪ್ರೆಡ್ನಿಸೋನ್. ಇದಕ್ಕಿಂತ ಜೋರಾದ, ಹೆಚ್ಚು ಔಷಧ ಸೇರಿಸಿದ ಮೂರು ಕೂಟಗಳು ಬಂದವು. ಒಂದೊಂದು ಆಸ್ಪತ್ರೆಯಲ್ಲೂ ಹೊಸದೇ ಮೇಲು ಅಂತ ಕಾಣಿಸಿತು. ಆಮೇಲೆ ನಾಲ್ಕನ್ನೂ ಲಾಟರಿ ಹಾಕಿ ಎದುರುಬದುರು ಇಟ್ಟರು. 1993ರಲ್ಲಿ ಫಲಿತಾಂಶ ಬಂತು. ಲೆಕ್ಕಕ್ಕೆ ಸಿಕ್ಕವರು 899 ಜನ. ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಇಲ್ಲ. ಚಿಕಿತ್ಸೆಯ ಅಡ್ಡಪರಿಣಾಮಕ್ಕೇ ಸತ್ತವರು ಚಾಪ್‌ನಲ್ಲಿ ನೂರಕ್ಕೆ 1, ಉಳಿದವುಗಳಲ್ಲಿ 3, 5, 6. ಹಳೆಯದೇ ಗೆದ್ದಿತು.

ಹಾಗಂತ ಹೊಸದೆಲ್ಲ ದಂಡ ಅಂತಲ್ಲ. 2002ರಲ್ಲಿ ಫ್ರಾನ್ಸಿನ ತಂಡ ಚಾಪ್ ಜೊತೆ ರಿಟುಕ್ಸಿಮ್ಯಾಬ್ ಅನ್ನುವ ಹೊಸ ಔಷಧ ಸೇರಿಸಿ 60ರಿಂದ 80 ವಯಸ್ಸಿನ 399 ಜನರಲ್ಲಿ ನೋಡಿತು. ಎರಡು ವರ್ಷಕ್ಕೆ ಬದುಕಿದ್ದವರು 57ರ ಬದಲು 70 ಪ್ರತಿಶತ. ಈ ಎರಡು ಗ್ರಾಫ್ ಅಕ್ಕಪಕ್ಕ ಬಂದರೆ ಹಾಳೆ ಮುಗಿದ ಹಾಗೆ.

ವಿನ್‌ಕ್ರಿಸ್ಟಿನ್ ಮೂಲ ನಮ್ಮ ಅಂಗಳದ ಕಾಶಿ ಕಣಗಿಲೆ. ಅದರ ಚಿತ್ರ ಬರೆಯಲೇ ಬೇಡವೇ ಅಂತ ಇನ್ನೂ ತೀರ್ಮಾನ ಆಗಿಲ್ಲ. ಚಿತ್ರ ಇದ್ದರೆ ಯಾರಾದರೂ ಎಲೆ ಕುದಿಸಿ ಕುಡಿದಾರು. ಟನ್‌ಗಟ್ಟಲೆ ಒಣ ಎಲೆಯಿಂದ ಗ್ರಾಂ ಲೆಕ್ಕದಲ್ಲಿ ಸಿಗುವ ಔಷಧ ಅದು, ರಕ್ತನಾಳಕ್ಕೆ ಮಾತ್ರ ಕೊಡಬೇಕು.

ಮೂರು, ನಾಲ್ಕು

ಮೂರನೆಯದು ಇಮ್ಯಾಟಿನಿಬ್ ಅನ್ನುವ ಗುಳಿಗೆ, ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾಗೆ. 2001ರ ಮೊದಲ ವರದಿಯಲ್ಲಿ ಸಾಕಷ್ಟು ಡೋಸ್ ಪಡೆದ 54 ಜನರಲ್ಲಿ 53 ಜನರ ರಕ್ತದ ಎಣಿಕೆ ಸರಿಹೋಯಿತು. ಇಲ್ಲಿ ನನ್ನ ಮೆಟ್ಟಿಲು ಗ್ರಾಫ್‌ಗೆ ಕೆಲಸವೇ ಇಲ್ಲ, 54 ಚುಕ್ಕಿ ಇಟ್ಟು 53ಕ್ಕೆ ಬಣ್ಣ ತುಂಬಿದರೆ ಸಾಕು. ಆದರೂ ಅವರು ಬಿಡಲಿಲ್ಲ, 1106 ಜನರಲ್ಲಿ ಹಳೆಯ ಚಿಕಿತ್ಸೆಯ ಎದುರು ಇಟ್ಟು ನೋಡಿದರು. ಅದೂ ಗೆದ್ದಿತು.

ನಾಲ್ಕನೆಯದಕ್ಕೆ ನಮ್ಮ ಜಿಲ್ಲೆಯವರೇ ಬೆಚ್ಚಿಬೀಳುತ್ತಾರೆ: ಆರ್ಸೆನಿಕ್. ಹಟ್ಟಿ ಚಿನ್ನದ ಗಣಿಯ ಸುತ್ತಿನ ಬಂಡೆಗಳಲ್ಲಿ ಇರುವುದು, ಆ ಭಾಗದ ಕೆಲವು ಕೊಳವೆಬಾವಿಗಳ ನೀರಿಗೂ ಸೇರಿ ಜನರ ಚರ್ಮ ಕೆಡಿಸುವುದು. ಅದೇ ಧಾತುವಿನ ಟ್ರೈಆಕ್ಸೈಡ್, ಪ್ರೊಮೈಲೊಸಿಟಿಕ್ ಲ್ಯುಕೇಮಿಯಾ ಅನ್ನುವ ಒಂದು ಬಗೆಗೆ ಮದ್ದು. ಚೀನಾದ ಹಾರ್ಬಿನ್‌ನಲ್ಲಿ ಶುರುವಾದದ್ದು. ವೆಲ್ಲೂರಿನ ಸಿಎಂಸಿ ಡಾಕ್ಟರುಗಳು ಬರೀ ಆರ್ಸೆನಿಕ್‌ನಿಂದಲೇ ಚಿಕಿತ್ಸೆ ಮಾಡಿ 2006ರಲ್ಲಿ ವರದಿ ಮಾಡಿದರು. 2013ರಲ್ಲಿ ಇಟಲಿ ಮತ್ತು ಜರ್ಮನಿಯ ಪ್ರಯೋಗದಲ್ಲಿ ರೆಟಿನಾಯಿಕ್ ಆಮ್ಲದ ಜೊತೆ ಆರ್ಸೆನಿಕ್ ಕೊಟ್ಟವರಲ್ಲಿ ಎರಡು ವರ್ಷ ತೊಂದರೆ ಇಲ್ಲದೆ ಇದ್ದವರು 97 ಪ್ರತಿಶತ, ಅದೇ ಆಮ್ಲದ ಜೊತೆ ಕೀಮೋ ಕೊಟ್ಟವರಲ್ಲಿ 86. ಕೊಳವೆಬಾವಿಯ ನೀರು ಔಷಧ ಅಲ್ಲ ಅಂತ ದಪ್ಪಕ್ಷರದಲ್ಲಿ ಬರೆಯಲು ಪೆಥಾಲಜಿ ಡಾಕ್ಟರ್ ತಾಕೀತು ಮಾಡಿದ್ದಾರೆ. ನಕ್ಕೆ. ಆಮೇಲೆ ಕರಡಿನಲ್ಲಿ ಬರೆದುಕೊಂಡೆ.

ಮೊಮ್ಮಗ ಕಾರ್-ಟಿ ಚಿಕಿತ್ಸೆಗೂ (ರೋಗಿಯದೇ ರೋಗನಿರೋಧಕ ಕಣಗಳನ್ನು ಬದಲಿಸಿ ಮತ್ತೆ ಕೊಡುವುದು) ದೊಡ್ಡ ಹಾಳೆ ಬೇಕು ಅನ್ನುತ್ತಾನೆ. ಬಾಂಬೆ ಐಐಟಿ ಮತ್ತು ಟಾಟಾ ಮೆಮೋರಿಯಲ್‌ನವರ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ, ಖುಷಿಯ ವಿಷಯವೇ. ಆದರೆ ಆ ಒಪ್ಪಿಗೆ ಸಿಕ್ಕಿದ್ದು ಎದುರು ಗುಂಪು ಇಲ್ಲದ ಪ್ರಯೋಗದ ಮೇಲೆ. ನನ್ನ ಗೋಡೆಯಲ್ಲಿ ಸದ್ಯಕ್ಕೆ ಅದಕ್ಕೆ ಅರ್ಧ ಹಾಳೆ.

ಐದನೆಯದು: ಸಹಿ ಹಾಕುವ ಮೊದಲು

ಇದು ಗ್ರಾಫ್ ಇಲ್ಲದ ಹಾಳೆ. ಬೆಂಗಳೂರಿಗೋ ಹೈದರಾಬಾದಿಗೋ ಹೋದವರ ಕೈಗೆ ಕೆಲವು ಸಲ ಪ್ರಯೋಗದ ಒಪ್ಪಿಗೆ ಪತ್ರ ಬರುತ್ತದೆ. 2019ರ ನಿಯಮಗಳ ಪ್ರಕಾರ ಅದು ನಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಓದಲು ಬಾರದವರಾದರೆ ಪ್ರಯೋಗಕ್ಕೆ ಸಂಬಂಧ ಇಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಕೂತು ಸಹಿ ಹಾಕಬೇಕು. ಯಾವಾಗ ಬೇಕಾದರೂ ಹೊರಗೆ ಬರಬಹುದು, ಅದಕ್ಕೆ ಮಾಮೂಲಿ ಚಿಕಿತ್ಸೆ ತಪ್ಪುವುದಿಲ್ಲ. ಪ್ರಯೋಗದಿಂದಲೇ ತೊಂದರೆ ಆದರೆ ಚಿಕಿತ್ಸೆ ಮತ್ತು ಪರಿಹಾರ ಕೇಳುವ ಹಕ್ಕಿದೆ. 2009ರ ಜೂನ್ 15ರಿಂದ ದೇಶದ ಪ್ರತಿ ಔಷಧ ಪ್ರಯೋಗವೂ ಸಿಟಿಆರ್‌ಐ ಅನ್ನುವ ದೇಶದ ಪ್ರಯೋಗಗಳ ನೋಂದಣಿ ಪಟ್ಟಿಯಲ್ಲಿ ಮೊದಲೇ ದಾಖಲಾಗಬೇಕು, ಯಾರು ಬೇಕಾದರೂ ಫೋನಿನಲ್ಲೇ ನೋಡಬಹುದು. ನೋಂದಣಿ ನಂಬರ್ ಕೇಳಿ ಅನ್ನುವುದನ್ನು ಹಾಳೆಯ ತಲೆಯ ಮೇಲೆ ಹಾಕುತ್ತೇನೆ.

ಬರುವ ತಿಂಗಳು ಚಾಪ್ ಹಾಳೆಗೆ ಶಾಯಿ. ಬಿಸಿಲಿಗೆ ಶೀಟ್ ಸುರುಳಿ ಸುತ್ತಿಕೊಳ್ಳುತ್ತಿದೆ, ಫ್ಲೆಕ್ಸ್ ಮಾಡಿಸಿ ಅನ್ನುತ್ತಾರೆ ಎಲ್ಲರೂ. ಐದೂ ಮುಗಿಯಲಿ, ಆಮೇಲೆ ಸ್ಕ್ಯಾನ್ ಮಾಡಿಸಿ ನೋಡೋಣ. ಲೈಬ್ರರಿಯವರು ಪೇಪರ್ ಓದುವ ಕೋಣೆಯ ಒಂದು ಗೋಡೆ ಕೊಡುತ್ತೇವೆ ಅಂದಿದ್ದಾರೆ. ಅಳತೆ ತೆಗೆದುಕೊಂಡು ಬಂದೆ, ನಾಲ್ಕು ಹಾಳೆ ಹಿಡಿಯುತ್ತದೆ. ಐದನೆಯದನ್ನು ಬಾಗಿಲಿಗೇ ಹಾಕಬೇಕು.